ಗಟ್ಟಿ ಚಿಲಕ ಯಾವುದಕ್ಕೆ?

ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ - ಅಂತರ್ಜಾಲವನ್ನು ತೆರೆದು ತೋರುವ ಬ್ರೌಸರುಗಳು ಹಲವು. ಪ್ರತಿಯೊಂದು ಕಂಪೆನಿಯೂ ತನ್ನದೇ ಸುರಕ್ಷಿತವೆಂದು ಸಾರುತ್ತದೆ. ತನ್ನ ಮೊಸರು ಹುಳಿಯೆಂದು ಯಾರು ತಾನೇ ಹೇಳಿಯಾರು? ಆದರೆ ಮನೆಯವರ ಬ್ಯಾಂಕಿನ ಗುಪ್ತಪದ, ಮಕ್ಕಳ ಪತ್ರವ್ಯವಹಾರ, ವೈದ್ಯರ ವರದಿ ಎಲ್ಲವೂ ಈ ಒಂದೇ ಕಿಟಕಿಯಿಂದ ಹಾದುಹೋಗುತ್ತಿರುವಾಗ ಅದರ ಚಿಲಕವನ್ನು ಪರೀಕ್ಷಿಸಿ ನೋಡುವುದು ತಪ್ಪೇನಲ್ಲ.

ಒಂದು ಕಾಲಕ್ಕೆ ಹೀಗೆ ಹೋಲಿಸುವ ಪ್ರಮೇಯವೇ ಇರಲಿಲ್ಲ. 2001ರಲ್ಲಿ ಹೊರಬಂದ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ ವಿಂಡೋಸಿನೊಡನೆ ಬಿಟ್ಟಿಯಾಗಿ ಬರುತ್ತಿದ್ದುದರಿಂದ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕ ಜನ ಎಕ್ಸ್‌ಪ್ಲೋರರನ್ನೇ ಬಳಸುತ್ತಿದ್ದರು. ಎದುರಾಳಿಯಿಲ್ಲದ ಜಟ್ಟಿ ಸಾಮು ಮಾಡುವನೆ? ಏಳನೆಯ ಆವೃತ್ತಿ ಬರುವ ವೇಳೆಗೆ 2006 ಆಗಿತ್ತು. ಈ ನಡುವೆ, 2004ರ ಜೂನ್‌ನಲ್ಲಿ, ಕಳ್ಳರು ಮರ್ಯಾದಸ್ಥ ತಾಣಗಳಲ್ಲೇ ವಿಷವನ್ನು ಬೆರೆಸಿಟ್ಟರು. ಅಂಥ ತಾಣವನ್ನು ತೆರೆದು ನೋಡಿದ ಮಾತ್ರಕ್ಕೆ, ಒತ್ತಿದ ಕೀಲಿಗಳನ್ನೆಲ್ಲ ಗುಟ್ಟಾಗಿ ದಾಖಲಿಸುವ ತಂತ್ರ ಗಣಕದೊಳಗೆ ಸೇರುತ್ತಿತ್ತು. ಬೇರೆ ಬ್ರೌಸರನ್ನು ಬಳಸುವುದೂ ಒಂದು ಪರಿಹಾರವೆಂದು ಅಮೆರಿಕದ ಸರ್ಕಾರಿ ಸಂಸ್ಥೆಯೇ ಸೂಚಿಸಬೇಕಾಯಿತು. ಅದೇ ನವೆಂಬರಿನಲ್ಲಿ ಫೈರ್‌ಫಾಕ್ಸಿನ ಮೊದಲ ಆವೃತ್ತಿ ಹೊರಬಂದಿತು.

ನಿಜವಾದ ತಿರುವು 2008ರಲ್ಲಿ ಕ್ರೋಮ್ ಬಂದಾಗ. ಅದುವರೆಗೆ ಬ್ರೌಸರುಗಳು ಬಂದ ಅಪರಿಚಿತನನ್ನು ನೇರವಾಗಿ ನಡುಮನೆಗೆ ಬಿಡುತ್ತಿದ್ದವು. ಒಂದು ಪುಟದಲ್ಲಿ ದೋಷ ಸಿಕ್ಕರೆ ಗಣಕದ ಕಡತಗಳೆಲ್ಲ ಕಳ್ಳನ ಕೈಗೆ. ಕ್ರೋಮ್ ಪುಟಗಳನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟು, ಕಡತಗಳನ್ನು ಮುಟ್ಟುವ ಅಧಿಕಾರವನ್ನೇ ಕೊಡದೆ, ಅತಿಥಿಯನ್ನು ಜಗಲಿಯಲ್ಲೇ ಕೂರಿಸಿ ಕಳುಹಿಸಿತು. ಇದಕ್ಕೆ ‘ಸ್ಯಾಂಡ್‌ಬಾಕ್ಸ್’ ಎಂದು ಹೆಸರು. (ವಿಸ್ಟಾದಲ್ಲಿ ಮೈಕ್ರೋಸಾಫ್ಟ್ ಇದರ ಒಂದಂಶವನ್ನು ಮೊದಲೇ ಮಾಡಿತ್ತೆಂಬುದನ್ನೂ ಹೇಳಬೇಕು.)

ಕೆನಡಾದ ವ್ಯಾಂಕೂವರಿನಲ್ಲಿ 2007ರಿಂದ ಒಂದು ವಿಚಿತ್ರ ಸ್ಪರ್ಧೆ ಆರಂಭವಾಯಿತು: ಕನ್ನ ಕೊರೆದವರಿಗೆ ಬಹುಮಾನ! 2009ರಲ್ಲಿ ಸಫಾರಿ, ಎಕ್ಸ್‌ಪ್ಲೋರರ್, ಫೈರ್‌ಫಾಕ್ಸ್ ಮೂರೂ ಸೋತವು. ಕ್ರೋಮ್ ಮಾತ್ರ ನಿಂತಿತು. ಆದರೆ 2012ರಲ್ಲಿ ಅದೂ ಮಣ್ಣು ಮುಕ್ಕಿತು. ಅದೇ ವಾರ ಗೂಗಲ್ ಏರ್ಪಡಿಸಿದ್ದ ಇನ್ನೊಂದು ಸ್ಪರ್ಧೆಯಲ್ಲಿ ರಷ್ಯದ ವಿದ್ಯಾರ್ಥಿಯೊಬ್ಬ ಬೇರೊಂದು ದಾರಿಯಲ್ಲಿ ಕ್ರೋಮನ್ನು ಭೇದಿಸಿದ. ಒಂದೇ ದಿನದೊಳಗೆ ಗೂಗಲ್ ಆ ಕಿಂಡಿಯನ್ನು ಮುಚ್ಚಿತು. ಗೋಡೆಯ ದಪ್ಪಕ್ಕಿಂತ ಗಾರೆಯವನು ಬರುವ ವೇಗವನ್ನೇ ನೋಡಬೇಕೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ವ್ಯತ್ಯಾಸಗಳು ಇಂದಿಗೂ ಇಲ್ಲವೆಂದಲ್ಲ. ಒಂದು ತಾಣದ ಗುಟ್ಟು ಮತ್ತೊಂದಕ್ಕೆ ತಿಳಿಯದಂತೆ ಪ್ರತಿ ತಾಣಕ್ಕೂ ಪ್ರತ್ಯೇಕ ಕೋಣೆ ಕೊಡುವ ಏರ್ಪಾಡು ಗಣಕಗಳ ಕ್ರೋಮಿನಲ್ಲಿ 2018ರಲ್ಲೇ ಬಂದರೆ, ಫೈರ್‌ಫಾಕ್ಸಿಗೆ 2021ರವರೆಗೆ ಹಿಡಿಯಿತು. ಆದರೆ ಮೈಕ್ರೋಸಾಫ್ಟಿನ ಎಡ್ಜ್ 2020ರಿಂದ ಕ್ರೋಮಿನ ಮೂಲಯಂತ್ರವನ್ನೇ ಬಳಸುತ್ತಿದೆ. ಬೋರ್ಡು ಎರಡು, ಅಡಿಗೆಮನೆ ಒಂದು. ಅಲ್ಲಿ ಅನ್ನ ಸೀದರೆ ಎರಡು ಪಂಕ್ತಿಗೂ ಸೀದದ್ದೇ.

ಇನ್ನು ವಿಳಾಸದ ಪಕ್ಕದ ಬೀಗದ ಚಿತ್ರ. ದಾರಿಯಲ್ಲಿ ಪತ್ರವನ್ನು ಯಾರೂ ಒಡೆದು ಓದರೆಂದಷ್ಟೇ ಅದರ ಅರ್ಥ, ಪತ್ರ ತಲಪುವ ಮನೆ ಸಜ್ಜನರದೆಂದಲ್ಲ. ಬ್ಯಾಂಕಿನ ವೇಷ ಹಾಕಿದ ಮೋಸದ ತಾಣಕ್ಕೂ ಆ ಬೀಗ ಸುಲಭವಾಗಿ ದೊರೆಯುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ 2023ರಲ್ಲಿ ಕ್ರೋಮ್ ಗಣಕಗಳಲ್ಲಿ ಆ ಚಿತ್ರವನ್ನು ತೆಗೆದುಹಾಕಿತು.

ರಿಪೇರಿಯಂತೂ ತಾನಾಗಿಯೇ ಬಂದಿಳಿಯುತ್ತದೆ. ಆದರೆ ಬ್ರೌಸರನ್ನು ಒಮ್ಮೆ ಪೂರ್ತಿ ಮುಚ್ಚಿ ತೆರೆದ ಹೊರತು ಅದು ಜಾರಿಗೆ ಬಾರದು. ನಲವತ್ತು ಪುಟಗಳನ್ನು ತೆರೆದಿಟ್ಟುಕೊಂಡು ತಿಂಗಳುಗಟ್ಟಲೆ ಮುಚ್ಚದ ಮನೆಗಳಲ್ಲಿ ಹೊಸ ಚಿಲಕ ಬಾಗಿಲ ಬಳಿಯೇ, ಕಟ್ಟು ಬಿಚ್ಚದೆ, ಬಿದ್ದಿರುತ್ತದೆ.