ಗದ್ದೆಯ ಮೂಲೆ ಬಿಡುವ ಲೆಕ್ಕ

ಯಾರಿಗಾದ್ರೂ ಎಂತಾದ್ರೂ ಕೊಡುವ ಮಾತು ಬಂದ್ರೆ ನಮ್ಮ ಹೆಂಗಸರ ನಡುವೆ ಒಂದು ವಿಚಾರಣೆ ತಪ್ಪದೆ ಶುರು ಆಗ್ತದೆ. "ಅವಳಿಗೆ ಕೊಡುದಾ? ಅವಳ ಕೈಯಲ್ಲಿ ಟಚ್ ಫೋನ್ ಉಂಟಲ್ವಾ?" "ಅವಳ ಗಂಡ ಕುಡಿತಾನೆ ಮಾರಾಯ್ತಿ, ಕೊಟ್ಟದ್ದೆಲ್ಲ ಗಡಂಗಿಗೆ ಹೋಗ್ತದೆ." ಕೊಡುವ ಮೊದಲೇ ತಗೊಳ್ಳುವವರ ಪರೀಕ್ಷೆ. ಬೈಬಲ್ ಓದಿದ್ರೆ ನಂಗೆ ಕಾಣುದು ಬೇರೆ. ಅಲ್ಲಿ ಪರೀಕ್ಷೆ ಇರುದು ಕೈಯಲ್ಲಿ ಇದ್ದವರಿಗೆ.

ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಬೆಳೆ ಕೊಯ್ಯುವವರಿಗೆ ಒಂದು ನಿಯಮ ಉಂಟು. ಅಂಚು ಮೂಲೆ ಬಿಡದೆ ಪೂರ್ತಿ ಕೊಯ್ಯಬಾರದು, ಬಿದ್ದ ತೆನೆ ಹೆಕ್ಕಬಾರದು. ಅದನ್ನು ಬಡವರಿಗೆ, ಪರದೇಶದಿಂದ ಬಂದವರಿಗೆ ಬಿಡಬೇಕು. ಧರ್ಮೋಪದೇಶಕಾಂಡದಲ್ಲಿ ಅನಾಥ ಮಕ್ಕಳು, ವಿಧವೆಯರು ಸಹ ಸೇರ್ತಾರೆ. ಇದರಲ್ಲಿ ಎರಡು ಸಂಗತಿ ನೋಡಿ. ಮೂಲೆ ಬಿಡುದು ಕೊಯ್ಯುವಾಗಲೇ, ನಮ್ಮ ಕಣಜ ತುಂಬಿ ಉಳಿದ ಮೇಲೆ ಅಲ್ಲ. ಮತ್ತೆ, ಬಡವರು ಯಜಮಾನನ ಜಗಲಿಯಲ್ಲಿ ಕೈಚಾಚಿ ನಿಲ್ಲುದು ಬೇಡ. ತಾವೇ ಆಯ್ದು, ತಾವೇ ಹೊತ್ತು ಹೋಗ್ತಾರೆ. ಹಕ್ಕಲಾಯುವುದು ಅಂತ ಹೇಳುದು ಇದಕ್ಕೇ.

ರೂತಳು ಹಾಗೆ ಹಕ್ಕಲಾಯಲು ಹೋದವಳು. ಗಂಡ ಸತ್ತವಳು, ಮೋವಾಬ್ ದೇಶದಿಂದ ಬಂದವಳು, ಮನೆಯಲ್ಲಿ ವಯಸ್ಸಾದ ಅತ್ತೆ. ಹೊಲದ ಯಜಮಾನ ಬೋವಜ ಆಳುಗಳಿಗೆ ಎಂತ ಹೇಳಿದ ಅಂದ್ರೆ, ಕಟ್ಟಿದ ಸಿವುಡಿನಿಂದಲೂ ಸ್ವಲ್ಪ ತೆನೆ ಬೇಕಂತಲೇ ಎಳೆದು ಬಿಡಿ, ಅವಳನ್ನು ಗದರಿಸಬೇಡಿ ಅಂತ. ಅವಳ ಮರ್ಯಾದೆ ಅವಳ ಹತ್ರವೇ ಉಳಿಯಿತು. ಈಗ ಎರಡು ಕಿಲೋ ಅಕ್ಕಿ ಕೊಟ್ಟು, ಆ ಮುಖದ ಫೋಟೋ ತೆಗೆದು ಗ್ರೂಪಿಗೆ ಹಾಕುವವರುಂಟು. ತುತ್ತೂರಿ ಊದಿ ಕೊಡುದು ಬೇಡ ಅಂತ ಯೇಸುಸ್ವಾಮಿ ಹೇಳಿದ್ದು ಇಂಥದ್ದಕ್ಕೇ ಅಲ್ವಾ?

ಸಭೆಯ ಬೆಳೆ ಹಬ್ಬಕ್ಕೆ ಯಾರೂ ಬಾಡಿದ ಬಸಳೆ ತರುದಿಲ್ಲ. ಬಳ್ಳಿಯ ಮೊದಲ ಸೌತೆ, ದೊಡ್ಡ ತೆಂಗಿನಕಾಯಿ ನೋಡಿ ಇಡುದು. ಏಲಂ ಕೂಗುವಾಗ ಅದು ನಮ್ಮನೆಯದ್ದು ಅಂತ ಖುಷಿ ಸಹ. ಆದ್ರೆ ಎಷ್ಟೋ ಮನೆಗಳಲ್ಲಿ ಕೆಲಸಕ್ಕೆ ಬರುವ ಅಕ್ಕನಿಗೆ ಸಿಗುದು ಫ್ರಿಜ್ಜಲ್ಲಿ ಮೂರು ದಿನ ಇದ್ದ ಸಾಂಬಾರು, ಅಂಚು ಹರಿದ ಸೀರೆ. ಹಸಿದವರಿಗೆ ಮಾಡಿದ್ದು ಯೇಸುವಿಗೇ ಮಾಡಿದ ಹಾಗೆ ಅಂತ ಮತ್ತಾಯ 25ರಲ್ಲಿ ಓದ್ತೇವೆ. ಹಾಗಾದ್ರೆ ಆ ಸಾಂಬಾರು ಯಾರಿಗೆ ಕೊಟ್ಟ ಹಾಗಾಯ್ತು?

ಮಿಜೋರಾಂನ ಕ್ರೈಸ್ತ ಹೆಂಗಸರ ಕ್ರಮ ನಂಗೆ ಭಾರಿ ಇಷ್ಟ. ಅಡಿಗೆಗೆ ಅಕ್ಕಿ ತೆಗೆಯುವಾಗ ಪ್ರತಿ ಸಲ ಒಂದು ಹಿಡಿ ಬೇರೆ ಡಬ್ಬಿಗೆ ಹಾಕ್ತಾರೆ. ಮತ್ತೆ ಅದನ್ನೆಲ್ಲ ಒಟ್ಟುಮಾಡಿ ಸಭೆಗೆ ಕೊಡುದು. ಅವರ ಭಾಷೆಯಲ್ಲಿ ಬುಹ್‌ಫಾಯ್ ಥಾಮ್. 1910ರಿಂದ ನಡ್ಕೊಂಡು ಬಂದದ್ದು. ಸಂಬಳ ಇಲ್ಲದ, ಕೈಯಲ್ಲಿ ದುಡ್ಡು ಓಡಾಡದ ಹೆಂಗಸಿಗೂ ಇದು ಆಗ್ತದೆ. ಹಿಡಿ ಹೋಗುದು ಅನ್ನ ಆಗುವ ಮೊದಲು, ತಳದಲ್ಲಿ ಉಳಿದದ್ದಲ್ಲ.

ಹಾಗಾದ್ರೆ ವಿಚಾರಿಸುದೇ ಬೇಡವಾ? ಬೇಕು. ಕುಡಿಯುವವನ ಕೈಗೆ ದುಡ್ಡು ಕೊಡಿ ಅಂತ ನಾನು ಹೇಳುದಲ್ಲ. ಅವನ ಹೆಂಡತಿ ಕೈಗೆ ಅಕ್ಕಿ ಕೊಡಿ, ಮಕ್ಕಳ ಫೀಸು ಶಾಲೆಗೇ ಕಟ್ಟಿ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಗೆ ಒಂದು ದೂರು ಬರ್ತದೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರು ಬಿಟ್ಟುಹೋಗ್ತಾ ಇದ್ದಾರೆ ಅಂತ. ಆಗ ಆ ವಿಧವೆಯರು ಯೋಗ್ಯರಾ ಅಂತ ಯಾರೂ ನೋಡ್ಲಿಕ್ಕೆ ಹೋಗುದಿಲ್ಲ. ಹಂಚುವ ಕ್ರಮ ಸರಿ ಮಾಡ್ತಾರೆ. ಸ್ತೆಫನನೂ ಸೇರಿ ಏಳು ಮಂದಿಯನ್ನು ಅದಕ್ಕಂತಲೇ ನೇಮಿಸ್ತಾರೆ. ವಿಚಾರಿಸುದು ಅಂದ್ರೆ ಅದು. ನಮ್ಮ ಪಟ್ಟಿಯಲ್ಲಿ ಬಿಟ್ಟುಹೋದದ್ದು ಯಾರು?

ನಮ್ಮ ಓಣಿಯಲ್ಲೇ ನೋಡಿ. ಕೇಳ್ಲಿಕ್ಕೆ ನಾಚುವ ವಿಧವೆ ಇರ್ತಾಳೆ. ಮಕ್ಕಳು ಗಲ್ಫಿಗೆ ಹೋಗಿ ಒಂಟಿಯಾದ ಅಜ್ಜಿ ಇರ್ತಾರೆ. ಕಟ್ಟಡದ ಕೆಲಸಕ್ಕೆ ದೂರದಿಂದ ಬಂದು ಶೆಡ್ಡಲ್ಲಿರುವ ಸಂಸಾರ ಇರ್ತದೆ. ಕ್ರಿಸ್‌ಮಸಿಗೆ ನಮ್ಮ ಕುಸ್ವಾರ್ ತಟ್ಟೆ ಹೋಗುದು ಹೆಚ್ಚಾಗಿ ತಟ್ಟೆ ತುಂಬಿಸಿ ವಾಪಸು ಕಳಿಸುವ ಮನೆಗಳಿಗೇ. ಈ ವರ್ಷ ಮೊದಲ ತಟ್ಟೆ, ಖಾಲಿ ವಾಪಸು ಬರುವ ಮನೆಗೆ ಹೋಗ್ಲಿ. ನೀವೆಂತ ಹೇಳ್ತೀರಿ, ಅಕ್ಕಂದಿರೇ?