ಹೊಗೆಯನ್ನು ಕಲ್ಲಾಗಿಸಲು ನೀರೆಲ್ಲಿಂದ?

ಚಿಕ್ಕಜಾಜೂರು ಜಂಕ್ಷನ್‌ನಿಂದ ಚಿತ್ರದುರ್ಗದತ್ತ ಕವಲೊಡೆಯುವ ರೈಲುಮಾರ್ಗ ಸಾಗುವುದು ನಾಡಿನ ಅತಿ ಪ್ರಾಚೀನ ಶಿಲಾಪಟ್ಟಿಗಳಲ್ಲೊಂದರ ಸೀಮೆಯಲ್ಲಿ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿ, ದಿಂಬುಗಳಂತೆ ಹೆಪ್ಪುಗಟ್ಟಿದ ಲಾವಾವನ್ನು ಇದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ ಇಂದಿಗೂ ಕಾಣಬಹುದು. ಅದೊಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಾರ್ಖಾನೆಗಳ ಇಂಗಾಲದ ಡೈಆಕ್ಸೈಡನ್ನು ಜ್ವಾಲಾಮುಖಿ ಶಿಲೆಯೊಳಗೆ ಖನಿಜವಾಗಿಸಿ ಹೂಳಬಹುದೆಂಬ ಮಾತು ಕೇಳಿಬರುತ್ತಿರುವಾಗ, ಇಂತಹ ಜಿಲ್ಲೆಯ ಜನರಿಗೆ ಕುತೂಹಲ ಮೂಡುವುದು ಸಹಜ.

ವಿಧಾನ ಕಟ್ಟುಕಥೆಯಲ್ಲ. ನೀರಿನಲ್ಲಿ ಕರಗಿದ ಅನಿಲವು ಸೌಮ್ಯ ಆಮ್ಲವಾಗಿ ಬಸಾಲ್ಟ್ ಶಿಲೆಯ ಕ್ಯಾಲ್ಸಿಯಂ, ಮೆಗ್ನೀಷಿಯಂ ಮತ್ತು ಕಬ್ಬಿಣದ ಅಂಶಗಳನ್ನು ಬಿಡಿಸಿಕೊಳ್ಳುತ್ತದೆ. ಅವುಗಳೊಡನೆ ಕೂಡಿ ಸುಣ್ಣಕಲ್ಲಿನಂತಹ ಕಾರ್ಬೊನೇಟ್ ಆಗುತ್ತದೆ. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ಯೋಜನೆಯು 2012ರಲ್ಲಿ ಭೂಮಿಗಿಳಿಸಿದ ಅನಿಲದ ಶೇ 95ಕ್ಕೂ ಹೆಚ್ಚು ಭಾಗ ಎರಡು ವರ್ಷದೊಳಗೆ ಕಲ್ಲಾಗಿದ್ದುದು 2016ರಲ್ಲಿ ಪ್ರಕಟವಾಯಿತು. ಕಲ್ಲಾದ ಮೇಲೆ ಸೋರಿಕೆಯ ಭಯವಿಲ್ಲ.

ಆದರೆ ಚಿತ್ರದುರ್ಗದ ಲಾವಾ ತೀರಾ ಹಳೆಯದು. ಕೋಟ್ಯಂತರ ವರ್ಷಗಳ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಅದರ ರಂಧ್ರಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಯೋಗ್ಯವಾದ ಶಿಲೆ ಇರುವುದು ಉತ್ತರದಲ್ಲಿ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ಗಳಲ್ಲಿ ಹರಡಿರುವ, ಸುಮಾರು 6.6 ಕೋಟಿ ವರ್ಷ ಹಳೆಯ ದಖನ್ ಬಸಾಲ್ಟ್. ಅಲ್ಲಿಯೂ ಅದು ಪೂರ್ವ ಮತ್ತು ದಕ್ಷಿಣದ ಅಂಚಿನಲ್ಲಿ ತೆಳುವಾಗುತ್ತ ಹೋಗುತ್ತದೆ. ಆದ್ದರಿಂದ ಕೊರೆದು ನೋಡದೆ ಯಾವ ಭರವಸೆಯೂ ಸಲ್ಲದು.

ನಿಜವಾದ ತೊಡಕು ನೀರಿನದು. ಐಸ್‌ಲ್ಯಾಂಡ್ ಮಾದರಿಯಲ್ಲಿ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ವರ್ಷಕ್ಕೆ 10 ಲಕ್ಷ ಟನ್ ಅನಿಲ ಹೂಳಲು ಹೊರಟರೆ ಎರಡೂವರೆ ಕೋಟಿ ಘನ ಮೀಟರ್, ಅಂದರೆ 0.9 ಟಿಎಂಸಿಯಷ್ಟು ನೀರು. ಅದೇ ಅಂತರ್ಜಲವನ್ನು ಮೇಲೆತ್ತಿ ಮರುಬಳಸಬಹುದೆಂಬ ಸಮಾಧಾನವುಂಟು. ಭದ್ರಾ ಮೇಲ್ದಂಡೆಯ ನೀರಿಗಾಗಿ ದಶಕಗಳಿಂದ ಕಾದವರ, ಬತ್ತಿದ ಕೊಳವೆಬಾವಿಗಳನ್ನು ಮತ್ತೆ ಮತ್ತೆ ಕೊರೆಸಿ ಸಾಲಗಾರರಾದವರ ಮುಂದೆ ಈ ಸಮಾಧಾನ ನಿಲ್ಲಲಾರದು. ಅಮೆರಿಕದ ವಾಲುಲಾದಲ್ಲಿ 2013ರಲ್ಲಿ ಸುಮಾರು 1,000 ಟನ್ ಅನಿಲವನ್ನು ನೀರಿನಲ್ಲಿ ಕರಗಿಸದೆಯೇ, ಒತ್ತಡಕ್ಕೊಳಪಡಿಸಿ ಬಸಾಲ್ಟ್‌ಗೆ ಇಳಿಸಲಾಯಿತು. ಅಲ್ಲಿಯೂ ಕಾರ್ಬೊನೇಟ್ ಮೂಡಿತು. ನಮಗೆ ಪರೀಕ್ಷಾರ್ಹವಾದುದು ಈ ಮಾರ್ಗ. ಅದಕ್ಕೆ ಹೆಚ್ಚಿನ ಆಳವೂ, ಮೇಲೆ ಅನಿಲ ತಡೆಯುವ ಬಿಗಿಯಾದ ಶಿಲಾಪದರವೂ ಬೇಕು.

ಯಾರ ಹೊಗೆಯನ್ನು ಹೂಳಬೇಕು ಎಂಬುದೂ ಅಷ್ಟೇ ಮುಖ್ಯ. ಹೊಗೆಯಿಂದ ಅನಿಲವನ್ನು ಬೇರ್ಪಡಿಸುವ ಕೆಲಸವೇ ಉಷ್ಣ ಸ್ಥಾವರದ ವಿದ್ಯುತ್ತಿನ ಗಣನೀಯ ಪಾಲನ್ನು ನುಂಗುತ್ತದೆ. ಕಲ್ಲಿದ್ದಲಿಗೆ ಬದಲಿಯಾಗಿ ಗಾಳಿಯಿದೆ, ಬಿಸಿಲಿದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸಿಮೆಂಟಿನ ಸ್ಥಿತಿ ಬೇರೆ. ಸುಣ್ಣಕಲ್ಲನ್ನು ಸುಟ್ಟರೆ, ಇಂಧನ ಯಾವುದೇ ಇರಲಿ, ಆ ಕಲ್ಲಿನಿಂದಲೇ ಅನಿಲ ಹೊರಡುತ್ತದೆ. ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳು ಬಸಾಲ್ಟ್ ಸೀಮೆಯ ಮಗ್ಗುಲಲ್ಲೇ ಇವೆ. ಮೊದಲ ಪರೀಕ್ಷಾ ಬಾವಿ ಕೊರೆಯುವುದಾದರೆ ಅವುಗಳ ಹೊಗೆಗಾಗಿ ಕೊರೆಯಲಿ.

ಖರ್ಚು ಅನಿಲ ಬಿಟ್ಟವರದೇ ಆಗಿರಬೇಕು. ನೀತಿ ಆಯೋಗವು ಈ ತಂತ್ರಜ್ಞಾನ ಕುರಿತು 2022ರಲ್ಲಿ ವರದಿ ಪ್ರಕಟಿಸಿತು. 2023ರಲ್ಲಿ ಇಂಗಾಲದ ಸಾಲಪತ್ರ ವಹಿವಾಟು ಯೋಜನೆಯೂ ಅಧಿಸೂಚಿತವಾಯಿತು. ಸಾರ್ವಜನಿಕ ಹಣದಿಂದ ಸಂಶೋಧನೆಗೆ ನೆರವು ನೀಡುವುದು ಸರಿ. ಕಂಪನಿಗಳ ಕಸ ಸಾಗಿಸುವುದು ಸರಿಯಲ್ಲ. ಮೂವತ್ತು ವರ್ಷಗಳ ತರುವಾಯ ಸುತ್ತಲ ಬಾವಿಗಳ ನೀರು ಕೆಟ್ಟರೆ ಹೊಣೆ ಯಾರದು? ಆ ವೇಳೆಗೆ ಕಾರ್ಖಾನೆ ಕೈಬದಲಾಗಿರಬಹುದು, ಮುಚ್ಚಿಯೂ ಇರಬಹುದು. ಪರವಾನಗಿ ಪತ್ರಕ್ಕೆ ಸಹಿ ಬೀಳುವ ಮುನ್ನವೇ ಠೇವಣಿ ಕಟ್ಟಿಸಿಕೊಳ್ಳಬೇಕು, ಸುತ್ತಲ ಬಾವಿಗಳ ನೀರಿನ ಪರೀಕ್ಷಾ ವರದಿ ವರ್ಷವರ್ಷವೂ ಗ್ರಾಮ ಪಂಚಾಯಿತಿಯ ಫಲಕಕ್ಕೆ ಬರಬೇಕು.