ಇಂಗ್ಲಿಷ್ ಮೊದಲು ಕಿವಿಗೆ ಬೀಳಲಿ

ಜೂನ್ ಹತ್ತಿರವಾಯಿತೆಂದರೆ ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಕರಿಗೆಲ್ಲ ಎದುರಾಗುವ ಪ್ರಶ್ನೆ ಒಂದೇ. "ಮಾಸ್ಟ್ರೇ, ಕನ್ನಡ ಮೀಡಿಯಂಗೆ ಹಾಕಿದರೆ ಮಕ್ಕಳಿಗೆ ಇಂಗ್ಲಿಷ್ ಬರುತ್ತದಾ?" ಇದಕ್ಕೆ ಮಾತೃಭಾಷೆಯ ಮಹತ್ವದ ಬಗ್ಗೆ ಭಾಷಣ ಮಾಡಿದರೆ ಅವರು ಮರ್ಯಾದೆಗೆ ತಲೆಯಾಡಿಸಿ, ಇಂಗ್ಲಿಷ್ ಮೀಡಿಯಂ ಶಾಲೆಗೇ ಹೋಗುತ್ತಾರೆ. ಆರನೆಯ ಶಾಲಾ ದಿನದ ತಲೆಯೆಣಿಕೆಯಲ್ಲಿ ಮಕ್ಕಳು ಕಡಿಮೆಯಾದರೆ ಡಿವಿಜನ್ ಹೋಗುತ್ತದೆ, ಅದರ ಹಿಂದೆಯೇ ಕನ್ನಡ ಅಧ್ಯಾಪಕರ ಹುದ್ದೆಯೂ ಹೋಗುತ್ತದೆ.

ಹೆತ್ತವರ ಸಂಶಯ ಸುಳ್ಳೇನೂ ಅಲ್ಲ. ಹತ್ತು ವರ್ಷ ಇಂಗ್ಲಿಷ್ ಕಲಿತು, ಪರೀಕ್ಷೆಯಲ್ಲಿ ಪತ್ರ, ಸಂಭಾಷಣೆ ಎಲ್ಲ ಬರೆದು ಒಳ್ಳೆಯ ಗ್ರೇಡ್ ಪಡೆದ ಹುಡುಗ, ಇಂಗ್ಲಿಷಿನಲ್ಲಿ ಫೋನ್ ಬಂದರೆ ಪಕ್ಕದವನ ಕೈಗೆ ಕೊಡುತ್ತಾನೆ. ಆದರೆ ಇದು ಮಾಧ್ಯಮದ ದೋಷ ಎಂದು ನಾನು ಒಪ್ಪುವುದಿಲ್ಲ. ಅವನ ಕಣ್ಣಿಗೆ ನಾವು ಇಂಗ್ಲಿಷ್ ಕಲಿಸಿದ್ದೇವೆ, ಕಿವಿಗೆ ಕಲಿಸಲಿಲ್ಲ, ಅಷ್ಟೇ.

ಕೇಳು, ಮಾತಾಡು, ಓದು, ಬರೆ ಎಂಬ ಕ್ರಮ ಎಲ್ಲ ಅಧ್ಯಾಪಕರಿಗೂ ಗೊತ್ತು. ತರಗತಿಯಲ್ಲಿ ನಡೆಯುವುದು ಮಾತ್ರ ಉಲ್ಟಾ. ಪುಸ್ತಕ ತೆರೆ, ಓದು, ಅರ್ಥ ಬರೆದುಕೋ, ಪ್ರಶ್ನೋತ್ತರ ಬರೆ. ಮಕ್ಕಳು ಇಂಗ್ಲಿಷ್ ಶಬ್ದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಬರೆದುಕೊಳ್ಳುತ್ತಾರೆ. ‘ವೆಜಿಟೇಬಲ್’ ಎಂದು ಬರೆದುಕೊಂಡ ಮಗುವಿಗೆ ಯಾರಾದರೂ ‘ವೆಜ್‌ಟಬಲ್’ ಎಂದರೆ ಅದು ಬೇರೆಯೇ ಶಬ್ದದ ಹಾಗೆ ಕೇಳುತ್ತದೆ.

ಕಾರಣ ಸ್ಪಷ್ಟ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಅದರದರ ಪಾಲಿನ ಹೊತ್ತು ಸಿಗುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಒಂದು ಕಡೆ ಒತ್ತು ಬೀಳುತ್ತದೆ, ಉಳಿದದ್ದನ್ನು ಅರ್ಧಂಬರ್ಧ ನುಂಗುತ್ತಾರೆ. ‘ವಾಟ್ ಆರ್ ಯೂ ಗೋಯಿಂಗ್ ಟು ಡೂ’ ಎಂದು ಪುಸ್ತಕದಲ್ಲಿ ಆರು ಪದ. ಬಾಯಲ್ಲಿ ಬರುವಾಗ ‘ವಾಟರ್ಯು ಗೋಯಿಂಟ ಡೂ’. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ಯ ವ್ಯತ್ಯಾಸ ತಿಳಿಯಲಿಕ್ಕೂ ಒತ್ತು ಎಲ್ಲಿದೆ ಎಂದು ಗಮನಿಸಬೇಕು. ಇದೇನೂ ವಿಚಿತ್ರವಲ್ಲ. ನಾವೂ ‘ಹೋಗಿ ಬರುತ್ತೇನೆ’ ಎಂದು ಬರೆದು ‘ಹೋಗ್ಬರ್ತೇನೆ’ ಎನ್ನುತ್ತೇವಲ್ಲ. ನಮ್ಮದು ಕೇಳಿ ಕೇಳಿ ರೂಢಿಯಾಗಿದೆ, ಇಂಗ್ಲಿಷಿನದ್ದು ಆಗಿಲ್ಲ.

ಕೇಳಿಯೇ ಭಾಷೆ ಕಲಿಯುವುದರಲ್ಲಿ ನಮ್ಮ ಮಕ್ಕಳನ್ನು ಮೀರಿಸುವವರು ಕಡಿಮೆ. ಈ ನೆಲವನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತೇವೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಹವ್ಯಕ ಕನ್ನಡವೋ, ಬಸ್ಸಿನಲ್ಲಿ ಮಲಯಾಳ, ಜೊತೆಗಾರರಿಂದ ಬ್ಯಾರಿ, ಶಾಲೆಯಲ್ಲಿ ಕನ್ನಡ. ಒಂದಕ್ಷರ ತುಳು ಓದದ ಮಗು ಸಲೀಸಾಗಿ ತುಳು ಮಾತಾಡುತ್ತದೆ. ಪಾರ್ತಿಸುಬ್ಬನ ಈ ಸೀಮೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಅಜ್ಜಂದಿರು ತಾಳಮದ್ದಳೆಗೆ ಕೂತು, ಯಾರ ಮನೆಯಲ್ಲೂ ಆಡದ ಗ್ರಾಂಥಿಕ ಕನ್ನಡದ ಅರ್ಥಗಾರಿಕೆಯನ್ನು ರಾತ್ರಿಯಿಡೀ ಕೇಳಿ ಸರಿ ತಪ್ಪು ಹೇಳುತ್ತಿದ್ದರು. ಆ ಕನ್ನಡ ಅವರಿಗೆ ಬಂದದ್ದು ಪುಸ್ತಕದಿಂದಲ್ಲ. ಇಂಥ ಊರಿನ ಮಕ್ಕಳಿಗೆ ಇಂಗ್ಲಿಷನ್ನು ಮಾತ್ರ ಅಕ್ಷರದಿಂದ ಶುರು ಮಾಡುವುದು ಯಾಕೆ?

ಇದಕ್ಕೆ ಭಾಷಾ ಲ್ಯಾಬ್ ಬರುವ ತನಕ ಕಾಯಬೇಕಾಗಿಲ್ಲ. ಹೊಸ ಪಾಠ ತೆಗೆದುಕೊಳ್ಳುವ ದಿನ ಪುಸ್ತಕ ಮುಚ್ಚಿಸಿ. ಯಾರು? ಎಲ್ಲಿ? ಯಾಕೆ ಹೋದರು? ಎಂದು ಎರಡು ಮೂರು ಪ್ರಶ್ನೆ ಬೋರ್ಡಿನಲ್ಲಿ ಬರೆದು, ಅನಂತರ ಮೊದಲ ಪ್ಯಾರಾವನ್ನು ಸಹಜ ವೇಗದಲ್ಲಿ ಎರಡು ಸಲ ಓದಿ. ಪ್ರಶ್ನೆಯನ್ನು ಆಮೇಲೆ ಕೇಳಿದರೆ ಅದು ನೆನಪಿನ ಪರೀಕ್ಷೆಯಾಗುತ್ತದೆ. ಮೊದಲೇ ಕೊಟ್ಟರೆ ಏನನ್ನು ಹುಡುಕಿ ಕೇಳಬೇಕೆಂದು ಮಗುವಿಗೆ ತಿಳಿಯುತ್ತದೆ. ಉತ್ತರ ಕನ್ನಡದಲ್ಲಿಯೇ ಹೇಳಲಿ. ಅರ್ಥವಾಯಿತೋ ಇಲ್ಲವೋ ಎಂದು ತಿಳಿಯುವುದಷ್ಟೇ ಆ ಹೊತ್ತಿನ ಉದ್ದೇಶ, ಇಂಗ್ಲಿಷ್ ಮಾತಾಡಿಸುವುದಲ್ಲ. ಕನ್ನಡ ಮಾಧ್ಯಮದ ಅನುಕೂಲ ಇಲ್ಲಿಯೇ ಇದೆ.

ದೊಡ್ಡ ತರಗತಿಯಾದರೆ ನಾಲ್ಕೈದು ವಾಕ್ಯವನ್ನು ಎರಡು ಸಲ ಓದಿ, ಸಿಕ್ಕಿದ ಪದಗಳನ್ನು ಗೀಚಿಕೊಳ್ಳಲು ಹೇಳಿ. ಮತ್ತೆ ನಾಲ್ಕು ನಾಲ್ಕು ಮಂದಿ ಸೇರಿ ಆ ವಾಕ್ಯಗಳನ್ನು ಪುನಃ ಕಟ್ಟಲಿ, ಕೊನೆಗೆ ಪುಸ್ತಕ ತೆರೆದು ಹೋಲಿಸಲಿ. ಬಿಟ್ಟುಹೋದವು ಹೆಚ್ಚಾಗಿ ‘ಆಫ್’, ‘ಟು’, ‘ಹ್ಯಾಸ್’ ಇಂಥ ಸಣ್ಣ ಪದಗಳೇ ಆಗಿರುತ್ತವೆ. ಕಿವಿ ಎಲ್ಲಿ ತಪ್ಪಿತೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

ಶಾಲೆಯ ಹೊರಗೂ ದಾರಿ ಉಂಟು. ರೈಲ್ವೆ ಸ್ಟೇಷನ್ನಿನಲ್ಲಿ ಒಂದೇ ವಿಷಯವನ್ನು ಮಲಯಾಳ, ಹಿಂದಿ, ಇಂಗ್ಲಿಷಿನಲ್ಲಿ ಹೇಳುತ್ತಾರೆ. ಮಲಯಾಳದಲ್ಲಿ ವಿಷಯ ತಿಳಿದ ಮೇಲೆ ಇಂಗ್ಲಿಷಿನಲ್ಲಿ ರೈಲಿನ ನಂಬರ್, ಪ್ಲಾಟ್‌ಫಾರ್ಮ್ ಹಿಡಿಯುವುದು ಕಷ್ಟವಲ್ಲ. ಕನ್ನಡ ವಾರ್ತೆ ಕೇಳಿದ ದಿನವೇ ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಕೇಳಿದರೂ ಹಾಗೆಯೇ. ಮೊಬೈಲಿನಲ್ಲಿ ಸಣ್ಣ ಕಥೆಯಾದರೆ ಮೊದಲ ಸಲ ಅಡಿಬರಹವಿಲ್ಲದೆ, ಎರಡನೇ ಸಲ ಅಡಿಬರಹದೊಂದಿಗೆ, ಮೂರನೇ ಸಲ ಮತ್ತೆ ಇಲ್ಲದೆ ನೋಡಲಿ.

"ನಮ್ಮ ಉಚ್ಚಾರವೇ ಸರಿಯಿಲ್ಲ, ನಾವು ಓದಿ ಕೇಳಿಸುವುದು ಹೇಗೆ?" ಎಂದು ಕೆಲವು ಅಧ್ಯಾಪಕ ಮಿತ್ರರು ಹಿಂಜರಿಯುತ್ತಾರೆ. ನಮ್ಮ ಮಕ್ಕಳು ನಾಳೆ ಕೇಳಬೇಕಾದದ್ದು ಲಂಡನ್ನಿನ ಇಂಗ್ಲಿಷ್ ಮಾತ್ರವಲ್ಲ, ಮಲಯಾಳಿಯ, ತಮಿಳರ, ಹಿಂದಿಯವರ ಇಂಗ್ಲಿಷ್ ಕೂಡ. ನಿಮ್ಮ ದನಿಯೂ ಇರಲಿ, ಮುದ್ರಿತ ದನಿಯೂ ಇರಲಿ. ಯಾವುದೂ ಕೇಳದಿರುವುದೇ ನಷ್ಟ.

ಇನ್ನು ಪರೀಕ್ಷೆ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ 80 ಅಂಕ ಬರಹಕ್ಕೆ, 20 ನಿರಂತರ ಮೌಲ್ಯಮಾಪನಕ್ಕೆ. ಕೇಳಿಸಿಕೊಳ್ಳುವುದಕ್ಕೆ ಪಬ್ಲಿಕ್ ಪರೀಕ್ಷೆಯಲ್ಲಿ ಅಂಕವಿಲ್ಲದ್ದರಿಂದ ಯಾರಿಗೂ ಅದರ ಗೊಡವೆಯಿಲ್ಲ. ಸಿಬಿಎಸ್‌ಇಯವರು ಆಂತರಿಕ ಮೌಲ್ಯಮಾಪನದಲ್ಲಿ ಆಲಿಸುವುದನ್ನೂ ಸೇರಿಸಿದ್ದಾರೆ. ನಮ್ಮ ಆ 20ರಲ್ಲಿ ಐದು ಅಂಕವನ್ನಾದರೂ ಇದಕ್ಕೆಂದೇ ಇಡಬೇಕು ಎಂದು ಅಧ್ಯಾಪಕ ಸಂಘಟನೆಗಳು ಇಲಾಖೆಯನ್ನು ಕೇಳಬಾರದೇ? ನರ್ಸಿಂಗ್ ಕಲಿತು ವಿದೇಶಕ್ಕೆ ಹೊರಟ ಎಷ್ಟೋ ಮಂದಿಗೆ ಐಇಎಲ್‌ಟಿಎಸ್ ಪರೀಕ್ಷೆ ಎದುರಾಗುತ್ತದೆ. ಅದರಲ್ಲಿ ಆಲಿಸುವ ಭಾಗವೇ ಸುಮಾರು ಅರ್ಧ ಗಂಟೆ, 40 ಪ್ರಶ್ನೆ, ಕೇಳಿಸುವುದು ಒಂದೇ ಸಲ. ಅಲ್ಲಿಗೆ ಹೋಗಿ ಕಿವಿ ತಯಾರು ಮಾಡುವ ಬದಲು ಮೂರನೇ ತರಗತಿಯಲ್ಲೇ ಶುರು ಮಾಡಬಹುದಲ್ಲ.

ಈ ಜೂನ್‌ನಿಂದ ಇಂಗ್ಲಿಷಿನ ಪ್ರತಿ ಪೀರಿಯಡ್‌ನಲ್ಲಿ ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿರಲಿ. ಹೆತ್ತವರು ಕೇಳುವ ಪ್ರಶ್ನೆಗೆ ಭಾಷಣದ ಉತ್ತರ ಬೇಡ. ಶಾಲೆಯ ವಾರ್ಷಿಕೋತ್ಸವದಲ್ಲಿ ಇಂಗ್ಲಿಷ್ ಕಥೆಯೊಂದನ್ನು ಕೇಳಿಸಿ, ಮಕ್ಕಳು ಅದನ್ನು ಅಲ್ಲಿಯೇ ಕನ್ನಡದಲ್ಲಿ ಹೇಳುವುದನ್ನು ಹೆತ್ತವರು ನೋಡಲಿ. ನಿಮ್ಮ ಶಾಲೆಯಲ್ಲಿ ಇದಕ್ಕಿಂತ ಒಳ್ಳೆಯ ಕ್ರಮ ಇದ್ದರೆ ಖಂಡಿತ ತಿಳಿಸಿ, ನಾವೂ ಮಾಡಿ ನೋಡುತ್ತೇವೆ.